ಟೇಪಕ್ಕನ ಪ್ರಯಾಣಕ್ಕೂ ಒಂದು ಟ್ರಯಲ್

ದೂರದ ಪ್ರಯಾಣ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಕೆಳಗಿಳಿಯುವುದು ಅಟ್ಟದ ಮೇಲಿನ ದೊಡ್ಡ ಚೀಲ. ಅದಕ್ಕೆ ಬಟ್ಟೆ ತುರುಕಿ, ಮೇಲೆ ಕುಳಿತು ಅಮುಕಿ, ಜಿಪ್ಪು ಎಳೆದುಬಿಟ್ಟರೆ ತಯಾರಿ ಮುಗಿಯಿತು ಅಂತಲೇ ನಾವು ತಿಳಿಯುವುದು. ಟೇಪಕ್ಕನೂ ಹಾಗೆಯೇ ತಿಳಿದಿದ್ದಳು.

ಟೇಪಕ್ಕ ಹೊಲಿಗೆ ಅಂಗಡಿಯವಳು. ವಯಸ್ಸು ಐವತ್ತೆಂಟು. ಕೊರಳಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿರುತ್ತದೆ. ಮಲಗುವಾಗ ತೆಗೆದಿಡುತ್ತಾಳೆ, ಕೆಲವು ದಿನ ಅದೂ ಮರೆತುಹೋಗುತ್ತದೆ. ಅದಕ್ಕೇ ಬೀದಿಯವರು ಇಟ್ಟ ಹೆಸರು ಅವಳಿಗೆ ಅಂಟಿಕೊಂಡಿತು. ನಲವತ್ತು ವರ್ಷದಿಂದ ಹೊಲಿಯುತ್ತಿದ್ದಾಳೆ. ಕೋಟು ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಬೇರೆ ದೇಶ ಮಾತ್ರ ಅವಳು ಕಂಡವಳಲ್ಲ.

ಕಾಣಲೇಬೇಕಾದ ದಿನ ಈಗ ಬಂದಿತ್ತು. ಅವಳ ತಂಗಿ ಪುಟ್ಟಿ ಪರದೇಶದ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಐವತ್ತು ತುಂಬಿದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಅಲ್ಲಿ ಒಬ್ಬಳೇ ವಾಸ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಗುರುವಾರ ಆಪರೇಷನ್ ಅಂತ ಡಾಕ್ಟರು ದಿನ ಗೊತ್ತು ಮಾಡಿದ್ದರು. ಆಪರೇಷನ್ ಆದ ಮೇಲೆ ಮನೆಗೆ ಕರೆದೊಯ್ದು ನೋಡಿಕೊಳ್ಳಲು ಒಬ್ಬರು ಇರಲೇಬೇಕು ಎಂದು ಆಸ್ಪತ್ರೆಯವರು ಕಟ್ಟುನಿಟ್ಟಾಗಿ ಹೇಳಿದ್ದರು.

"ಅಕ್ಕಾ, ನೀನು ಬಂದು ಪಕ್ಕದಲ್ಲಿ ನಿಂತ ಮೇಲೇ ನಾನು ಆ ಮೇಜಿನ ಮೇಲೆ ಮಲಗೋದು" ಅಂದಿದ್ದಳು ಪುಟ್ಟಿ ಫೋನಿನಲ್ಲಿ.

ಏಳು ವರ್ಷದ ಹುಡುಗಿಯಾಗಿದ್ದಾಗ ಹುಳುಕು ಹಲ್ಲು ಕೀಳಿಸಲು ಹೋದಾಗಲೂ ಅವಳು ಇದೇ ಮಾತು ಹೇಳಿದ್ದಳು. ಅವತ್ತು ಅಕ್ಕನ ಹೆಬ್ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಉಗುರು ಊರಿದ ಗುರುತು ಎರಡು ದಿನ ಹೋಗಿರಲಿಲ್ಲ. ಟೇಪಕ್ಕ ಅದನ್ನು ಮರೆತಿಲ್ಲ. "ಬಂದೇ ಬರ್ತೀನಿ ಕಣೇ. ಆಕಾಶ ಕೆಳಗೆ ಬಿದ್ರೂ ಬರ್ತೀನಿ" ಅಂದು ಫೋನಿಟ್ಟಳು. ವೀಸಾ ಕೈಗೆ ಬಂತು. ಮಂಗಳವಾರಕ್ಕೆ ಟಿಕೆಟ್ಟೂ ಆಯಿತು.

ಶನಿವಾರ ಮಧ್ಯಾಹ್ನ ವಿಮಾನದಮ್ಮ ಅಂಗಡಿಗೆ ಬಂದಳು. ಇವಳು ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವವಳು. ಚೀಲಗಳನ್ನು ತಪಾಸಣೆ ಮಾಡುವ ಜಾಗದಲ್ಲಿ ಹನ್ನೆರಡು ವರ್ಷದಿಂದ ಅವಳದೇ ಪಾಳಿ. ಸಮವಸ್ತ್ರದ ಜೇಬು ಕಿತ್ತುಹೋಗಿತ್ತು, ಹೊಲಿಸಿಕೊಳ್ಳಲು ತಂದಿದ್ದಳು.

"ಎಲ್ಲಾ ತಯಾರಾಯ್ತಾ ಅಕ್ಕ?"

"ಆಯ್ತು. ನೋಡಿಲ್ಲಿ" ಎಂದು ಟೇಪಕ್ಕ ಗೋಡೆಯ ಮೊಳೆಗೆ ನೇತುಹಾಕಿದ್ದ ಬೂದುಬಣ್ಣದ ಕೋಟನ್ನು ಇಳಿಸಿದಳು. ಅಲ್ಲಿನ ಚಳಿಗೆಂದು ತಾನೇ ಹೊಲಿದದ್ದು. "ಪಾಸ್‌ಪೋರ್ಟು ಎಲ್ಲಿದೆ ಹೇಳು ನೋಡೋಣ."

ವಿಮಾನದಮ್ಮ ಜೇಬುಗಳನ್ನೆಲ್ಲ ತಡಕಿದಳು. ಸಿಗಲಿಲ್ಲ.

"ಕಳ್ಳನ ಅಪ್ಪನಿಗೂ ಸಿಗಲ್ಲ" ಟೇಪಕ್ಕನ ಮುಖ ಅರಳಿತು. "ಲೈನಿಂಗಿನ ಒಳಗೆ ಸೇರಿಸಿ ಸುತ್ತಲೂ ಎರಡೆರಡು ಹೊಲಿಗೆ ಹಾಕಿದೀನಿ. ಕೋಟು ಹರೀಬೇಕೇ ಹೊರತು ಪಾಸ್‌ಪೋರ್ಟು ಬೀಳಲ್ಲ."

ವಿಮಾನದಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಕ್ಕಾ! ಅದನ್ನ ತೋರಿಸಬೇಕು ಕಣೇ, ಬಚ್ಚಿಡೋದಲ್ಲ!"

"ತೋರಿಸೋಣ ಬಿಡು, ಅದಕ್ಕೇನಂತೆ? ನಲವತ್ತು ವರ್ಷ ಊರವರ ಕೋಟೆಲ್ಲ ಹೊಲಿದವಳು ನಾನು. ನನ್ನದೊಂದು ಚೀಲ ಕಟ್ಟಿಕೊಳ್ಳೋಕೆ ಬರಲ್ವಾ? ನೀನೇನು ಮಹಾ ವಿಮಾನ ಹತ್ತಿದವಳ ಹಾಗೆ ಮಾತಾಡ್ತೀಯಲ್ಲ!"

"ಹತ್ತಿಲ್ಲ ಅಕ್ಕ. ಆದ್ರೆ ಹತ್ತೋಕಾಗದೆ ವಾಪಸ್ ಬಂದವರನ್ನ ನೋಡಿದೀನಿ" ಅಂದಳು ವಿಮಾನದಮ್ಮ. ಈಗ ಅವಳು ನಗುತ್ತಿರಲಿಲ್ಲ. "ಮಗಳ ಬಾಣಂತನಕ್ಕೆ ಹೊರಟವರು, ಅಣ್ಣನ ಮುಖ ನೋಡೋಕೆ ಹೊರಟವರು. ಒಂದು ಕಾಗದ ಮರೆತು ಅಲ್ಲಿನ ಬೆಂಚಿನ ಮೇಲೆ ಕೂತು ಅಳ್ತಾ ಇರ್ತಾರೆ. ನಾನು ಅವರ ಕಾಲ ಹತ್ರಾನೇ ಗುಡಿಸ್ತಾ ಇರ್ತೀನಿ."

ಟೇಪಕ್ಕನಿಗೆ ಪುಟ್ಟಿಯ ಮಾತು ಕಿವಿಯಲ್ಲಿ ಕೇಳಿದಂತಾಯಿತು.

"ಒಂದು ಕೇಳ್ತೀನಿ ಅಕ್ಕ. ಕೋಟು ಹೊಲಿದ ಕೂಡಲೇ ಗಿರಾಕಿ ಕೈಗೆ ಕೊಟ್ಟುಬಿಡ್ತೀಯಾ?"

"ಎಲ್ಲಾದರೂ ಉಂಟಾ! ಮೊದಲು ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡ್ಬೇಕು. ಟ್ರಯಲ್ ಇಲ್ಲದೆ ಒಂದು ಕೋಟೂ ಈ ಅಂಗಡಿ ದಾಟಿಲ್ಲ."

"ಹಾಗಾದ್ರೆ ನಿನ್ನ ಪ್ರಯಾಣಕ್ಕೆ ಟ್ರಯಲ್ ಎಲ್ಲಿ?"

ಟೇಪಕ್ಕ ಕೊರಳಿನ ಟೇಪನ್ನು ಒಮ್ಮೆ ಎಳೆದು ಸರಿಮಾಡಿಕೊಂಡಳು. ಅವಳ ವಿದ್ಯೆಯನ್ನು ಅವಳಿಗೇ ತಿರುಗಿಸಿ ಹಾಕಿದ್ದಳಲ್ಲ ಈ ಗುಡಿಸುವವಳು! "ಆಗಲಿ, ಮಾಡು ನಿನ್ನ ಟ್ರಯಲ್" ಅಂದಳು, ಅರ್ಧ ಮನಸ್ಸಿನಿಂದ.

ವಿಮಾನದಮ್ಮ ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ದನಿ ಗಡಸು ಮಾಡಿಕೊಂಡಳು. "ನಾನೀಗ ಆಫೀಸರು. ನಿನ್ನ ಹಿಂದೆ ಅರವತ್ತು ಜನ ನಿಂತಿದ್ದಾರೆ. ಹ್ಞಾ, ಪಾಸ್‌ಪೋರ್ಟ್!"

"ತಾಳಿ ಸಾರ್, ಒಂದು ನಿಮಿಷ." ಟೇಪಕ್ಕ ಕೈಚೀಲದಿಂದ ಕತ್ತರಿ ತೆಗೆದು ಲೈನಿಂಗಿಗೆ ತಾಗಿಸಿದಳು.

"ಏನಮ್ಮಾ ಅದು? ಕತ್ತರಿಯಾ? ಕೈಚೀಲದಲ್ಲಿ ಕತ್ತರಿನಾ?" ವಿಮಾನದಮ್ಮ ಅದನ್ನು ಕಿತ್ತುಕೊಂಡು ಬಟ್ಟೆಚೂರಿನ ಬುಟ್ಟಿಗೆ ಹಾಕಿಯೇಬಿಟ್ಟಳು. "ಇದು ಹೋಯ್ತು."

"ಏ! ಅದು ನಮ್ಮಮ್ಮನ ಕತ್ತರಿ!"

"ನನ್ನ ಬುಟ್ಟಿಗೆ ಬರೋದೆಲ್ಲ ಯಾರದೋ ಅಮ್ಮಂದೇ ಅಕ್ಕ. ಕತ್ತರಿ, ಚಾಕು, ಎಷ್ಟೋ ಆಸೆಯಿಂದ ತಂದ ಎಣ್ಣೆ ಬಾಟಲಿ. ಎಲ್ಲಾ ಅಲ್ಲಿಗೇ. ಅವೆಲ್ಲ ದೊಡ್ಡ ಚೀಲದ ಒಳಗಿರಬೇಕು, ಕೈಯಲ್ಲಿ ಹಿಡ್ಕೊಂಡು ಒಳಗೆ ಹೋಗೋ ಹಾಗಿಲ್ಲ. ಪಾಸ್‌ಪೋರ್ಟಂತೂ ಬಾಗಿಲಲ್ಲಿ ಕೇಳ್ತಾರೆ, ಚೀಲ ಒಪ್ಪಿಸೋ ಕಡೆ ಕೇಳ್ತಾರೆ, ಮುದ್ರೆ ಒತ್ತೋ ಕಡೆ ಕೇಳ್ತಾರೆ, ವಿಮಾನ ಹತ್ತೋ ಮೊದಲು ಇನ್ನೊಂದು ಸಲ. ಅಲ್ಲಿ ಇಳಿದ ಮೇಲೆ ಮತ್ತೆ. ಎಷ್ಟು ಸಲ ಬಿಚ್ಚಿ ಎಷ್ಟು ಸಲ ಹೊಲೀತೀಯಾ?"

ಟೇಪಕ್ಕ ಬುಟ್ಟಿಯಿಂದ ಕತ್ತರಿ ಎತ್ತಿಕೊಂಡು ಸೆರಗಿನಿಂದ ಒರೆಸಿದಳು. "ಆಯ್ತು. ಮುಂದಿಂದು ಹೇಳು."

"ಮಾತ್ರೆ ತಗೋತೀಯಲ್ಲ, ಎಲ್ಲಿವೆ?"

ಇದರಲ್ಲಿ ತಾನು ಸೋಲುವುದಿಲ್ಲ ಎಂದು ಟೇಪಕ್ಕನಿಗೆ ಧೈರ್ಯವಿತ್ತು. ಅವಳ ಬಳಿ ಗುಂಡಿ ಹಾಕಿಡುವ ಒಂದು ಚಪ್ಪಟೆ ಡಬ್ಬಿ ಇದೆ, ಒಳಗೆ ಹನ್ನೆರಡು ಮನೆ. ಅದನ್ನು ಖಾಲಿ ಮಾಡಿ, ಒರೆಸಿ, ಒಂದು ತಿಂಗಳ ಮಾತ್ರೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ ಬಣ್ಣ ಬಣ್ಣವಾಗಿ ತುಂಬಿಟ್ಟಿದ್ದಳು. ಗುಂಡಿಗಳನ್ನು ಜೋಡಿಸಿ ಪಳಗಿದ ಕೈ. ಸಕ್ಕರೆ ಕಾಯಿಲೆಯ ಬಿಳಿಯದು ಒಂದು ಮನೆಯಲ್ಲಿ, ರಕ್ತದೊತ್ತಡದ ಗುಲಾಬಿ ಇನ್ನೊಂದರಲ್ಲಿ, ಹೊಟ್ಟೆ ಉರಿಯ ಹಳದಿ ಮತ್ತೊಂದರಲ್ಲಿ. ನೋಡಲು ಅಂದವಾಗಿಯೇ ಇತ್ತು.

"ಇದೇನಮ್ಮಾ ಬಿಳಿದು?" ಅಂದಳು ವಿಮಾನದಮ್ಮ, ಆಫೀಸರ ದನಿಯಲ್ಲೇ.

"ಬೆಳಗಿಂದು."

"ಹೆಸರು?"

"ಹೆಸರ್ಯಾಕೆ? ಬಿಳಿ ಮಾತ್ರೆ, ಅಷ್ಟೆ."

"ಯಾರು ಬರೆದುಕೊಟ್ಟದ್ದು? ಚೀಟಿ ಎಲ್ಲಿ?"

"ಮನೇಲಿ."

"ಬೇರೆ ದೇಶದ ಆಫೀಸರು ಇದು ಯಾವ ಮಾತ್ರೆಯೋ ಏನೋ ಅಂತ ನಿನ್ನ ಪಕ್ಕಕ್ಕೆ ಕೂರಿಸಿದ್ರೆ, ಗುರುವಾರ ಪುಟ್ಟಿ ಪಕ್ಕ ಯಾರು ನಿಲ್ತಾರೆ?" ಎನ್ನುತ್ತಾ ವಿಮಾನದಮ್ಮ ಆ ಮನೆಯಿಂದ ಒಂದು ಬಿಳಿಯದನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳ ಹುಬ್ಬು ಮೇಲೇರಿತು. "ಅಕ್ಕಾ, ಇದಕ್ಕೆ ನಾಲ್ಕು ತೂತು ಇದೆ."

ಅದು ಅಂಗಿಯ ಗುಂಡಿ.

ಇಬ್ಬರಿಗೂ ನಗು ಉಕ್ಕಿತು. ಹೊಲಿಗೆ ಯಂತ್ರದ ಮೇಲೆ ಕೈಯೂರಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊದಲು ನಗು ನಿಂತದ್ದು ಟೇಪಕ್ಕನಿಗೆ. ಕಾಣದ ಊರಿನಲ್ಲಿ, ಕನ್ನಡಕ ಸಿಗದ ಹೊತ್ತಿನಲ್ಲಿ, ಬಿಳಿಯದೆಂದು ಇದನ್ನೇ ನುಂಗಿದ್ದರೆ? ತಂಗಿಯನ್ನು ನೋಡಿಕೊಳ್ಳಲು ಹೋದವಳು ತಂಗಿಯ ಪಕ್ಕದ ಮಂಚದ ಮೇಲೆ ಮಲಗಬೇಕಾಗಿತ್ತು.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಕೂತ್ಕೋ" ಅಂದಳು ವಿಮಾನದಮ್ಮನಿಗೆ. "ಟೀ ತರಿಸ್ತೀನಿ. ನಿನಗೆ ಗೊತ್ತಿರೋದೆಲ್ಲ ಹೇಳಿ ಮುಗಿಸೋವರೆಗೆ ನಿನ್ನ ಜೇಬು ನಾನು ಹೊಲಿಯಲ್ಲ."

ಆಮೇಲೆ ಟೇಪಕ್ಕ ಸುಮ್ಮನೆ ಕೂರಲಿಲ್ಲ. ಅವತ್ತೇ ಡಾಕ್ಟರ ಬಳಿ ಹೋಗಿ, ಯಾವ ಕಾಯಿಲೆಗೆ ಯಾವ ಮಾತ್ರೆ, ದಿನಕ್ಕೆ ಎಷ್ಟು ಎಂದು ಪತ್ರ ಬರೆಸಿಕೊಂಡಳು. ಕಂಪನಿ ಇಟ್ಟ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಅದಕ್ಕೆ ಮದ್ದಿನ ಮೂಲ ಹೆಸರನ್ನೇ ಬರೆಯುತ್ತೇನೆ ಎಂದರು ಡಾಕ್ಟರು. ಅಲ್ಲಿ ಗಡಿಯಾರ ಬೇರೆ ಓಡುತ್ತದಲ್ಲ, ಮಾತ್ರೆ ಯಾವಾಗ ನುಂಗಲಿ ಎಂದು ಕೇಳಿದಳು. ಇದನ್ನು ವಿಮಾನದಮ್ಮನನ್ನು ಕೇಳಿದ್ದಕ್ಕೆ ಅವಳು, "ಅದು ನಂಗೊತ್ತಿಲ್ಲ ಅಕ್ಕ, ಗೊತ್ತಿಲ್ಲದ್ದು ಹೇಳಲ್ಲ, ಡಾಕ್ಟರನ್ನೇ ಕೇಳು" ಅಂದಿದ್ದಳು. ಡಾಕ್ಟರು ಹೊತ್ತು ಬರೆದುಕೊಟ್ಟರು. ಔಷಧಿ ಅಂಗಡಿಯಾತ ಆ ದೇಶದ ರಾಯಭಾರ ಕಚೇರಿಯವರು ಇಂಟರ್ನೆಟ್ಟಿನಲ್ಲಿ ಹಾಕಿರುವ ಪಟ್ಟಿ ತೆಗೆದು, ಅವಳ ಮೂರೂ ಮದ್ದುಗಳನ್ನು ಅಲ್ಲಿಗೆ ಒಯ್ಯಬಹುದೆಂದು ಖಚಿತ ಮಾಡಿದ. ಬಿಡಿಸಿದ ಮಾತ್ರೆಗಳನ್ನು ಮನೆಯಲ್ಲಿಟ್ಟು, ಹಾಳೆ ಬಿಡಿಸದ ಹೊಸ ಮಾತ್ರೆ ಕೊಂಡಳು. ತಿಂಗಳಿಗೆ ಬೇಕಾದಷ್ಟು, ಮೇಲೆ ಹತ್ತು ದಿನಕ್ಕೆ ಹೆಚ್ಚು. ಎಲ್ಲ ಕೈಚೀಲದಲ್ಲಿ. ದೊಡ್ಡ ಚೀಲ ದಾರಿ ತಪ್ಪಿದರೂ ಮದ್ದು ತಪ್ಪಬಾರದಲ್ಲ.

ಭಾನುವಾರ ಸಂಜೆ ಇಸ್ತ್ರಿಯಣ್ಣ ಬಂದ. ಪಕ್ಕದ ಅಂಗಡಿ ಅವನದು. ಇಪ್ಪತ್ತು ವರ್ಷದಿಂದ ಟೇಪಕ್ಕ ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕುವವನು. ಕಂಕುಳಲ್ಲಿ ಒಂದು ಪುಟ್ಟ ದಿಂಬು.

"ಅಕ್ಕಾ, ನನ್ನ ತಮ್ಮನೂ ಅದೇ ದೇಶದಲ್ಲಿರೋದು. ಬೆನ್ನುನೋವು ಅವನಿಗೆ. ಈ ದಿಂಬೊಂದು ತಲುಪಿಸಿಬಿಡು. ಹಗುರ ಇದೆ, ಹೂವಿನ ಹಾಗೆ."

"ಇನ್ನೊಬ್ಬರ ಗಂಟು ತಗೋಬೇಡ ಅಂದಿದಾಳೆ ವಿಮಾನದಮ್ಮ" ಅಂದಳು ಟೇಪಕ್ಕ, ಮುಖ ನೋಡಲಾಗದೆ.

"ಇನ್ನೊಬ್ಬರಾ? ನಾನು ಇನ್ನೊಬ್ಬನಾ ಅಕ್ಕ?" ಇಸ್ತ್ರಿಯಣ್ಣನ ಮುಖ ಸಣ್ಣದಾಯಿತು. "ಒಂದು ದಿಂಬಿಗೆ ಇಷ್ಟು ಮಾತಾ?"

ದಾಕ್ಷಿಣ್ಯ ಕೆಟ್ಟದ್ದು. ಟೇಪಕ್ಕ ಕೈಚಾಚಿ ದಿಂಬು ತೆಗೆದುಕೊಂಡಳು. ಬಟ್ಟೆ ಕೈಗೆ ಬಂದರೆ ಅವಳ ಬೆರಳು ತಾನಾಗಿಯೇ ಹೊಲಿಗೆಯ ಮೇಲೆ ಓಡುತ್ತದೆ. ಮೂರು ಅಂಚಿಗೆ ಯಂತ್ರದ ಹೊಲಿಗೆ, ನೇರ, ಒತ್ತಾದದ್ದು. ನಾಲ್ಕನೆಯ ಅಂಚಿನಲ್ಲಿ ಬೆರಳು ನಿಂತಿತು. ಅಲ್ಲಿ ಕೈಹೊಲಿಗೆ. ದಾರ ಬೇರೆ. ಹೊಲಿದು ಅಭ್ಯಾಸವಿಲ್ಲದ ಕೈ ಹಾಕಿದ ವಕ್ರವಕ್ರ ಹೊಲಿಗೆ.

"ಇದನ್ನ ಬಿಚ್ಚಿ ಮತ್ತೆ ಹೊಲಿದಿದೀಯ ಇಸ್ತ್ರಿಯಣ್ಣ."

ಇಸ್ತ್ರಿಯಣ್ಣ ನೆಲ ನೋಡಿದ.

ಟೇಪಕ್ಕ ಅಮ್ಮನ ಕತ್ತರಿಯ ತುದಿಯಿಂದ ಚಕಚಕನೆ ಆ ಅಂಚು ಬಿಡಿಸಿ, ಹತ್ತಿಯೊಳಗೆ ಕೈ ಹಾಕಿದಳು. ಒಂದು ಪ್ಲಾಸ್ಟಿಕ್ ಪೊಟ್ಟಣ ಬಂತು. ಒಳಗೆ ನೂರಾರು ಮಾತ್ರೆ, ಹೆಸರಿಲ್ಲ, ಹಾಳೆಯಿಲ್ಲ.

"ಕಳ್ಳಮಾಲಲ್ಲ ಅಕ್ಕ, ನನ್ನ ಮಕ್ಕಳಾಣೆ! ನೋವಿನ ಮಾತ್ರೆ, ಬಲವಾದದ್ದು. ಅಲ್ಲಿ ಅಂಗಡೀಲಿ ಕೊಡಲ್ವಂತೆ, ಕಳಿಸು ಅಂದ."

"ಯಾಕೆ ಕೊಡಲ್ಲ ಅಂತ ಕೇಳಿದ್ಯಾ?"

"ಇಲ್ಲ..."

"ಕಾನೂನು ಬೇಡ ಅಂದಿರೋದಕ್ಕೇ ಕೊಡಲ್ಲ!" ಟೇಪಕ್ಕ ಪೊಟ್ಟಣವನ್ನು ಅವನ ಮುಂದೆ ಎತ್ತಿ ಹಿಡಿದಳು. "ಇದು ನನ್ನ ಚೀಲದಲ್ಲಿ ಸಿಕ್ಕಿದ್ರೆ, ಇದು ಇಸ್ತ್ರಿಯಣ್ಣಂದು, ಅವನು ಒಳ್ಳೆಯವನು ಅಂತ ಹೇಳ್ಲಾ? ಯಾವ ಭಾಷೇಲಿ ಹೇಳ್ಲಿ? ಚೀಲ ಯಾರದೋ, ತಪ್ಪು ಅವರದು. ನನ್ನ ಹಿಡಿದು ಕೂರಿಸ್ತಾರೆ. ಅಲ್ಲಿ ನನ್ನ ಪುಟ್ಟಿ ಬಾಗಿಲು ನೋಡ್ತಾ ಮಲಗಿರ್ತಾಳೆ."

ಇಸ್ತ್ರಿಯಣ್ಣ ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟ. "ನಾನು ಇಷ್ಟು ದೂರ ಯೋಚಿಸಲಿಲ್ಲ ಅಕ್ಕ. ದೇವರಾಣೆಗೂ ಯೋಚಿಸಲಿಲ್ಲ."

"ನಾನೂ ಯೋಚಿಸಿರಲಿಲ್ಲ. ನಿನ್ನೆವರೆಗೆ." ಟೇಪಕ್ಕ ಪೊಟ್ಟಣವನ್ನು ಅವನ ಕೈಗಿಟ್ಟಳು. "ತಮ್ಮನಿಗೆ ಫೋನ್ ಮಾಡು. ಅಲ್ಲಿನ ಡಾಕ್ಟರಿಗೆ ಬೆನ್ನು ತೋರಿಸಲಿ. ದಿಂಬನ್ನೂ ನಾನು ಒಯ್ಯಲ್ಲ. ಬೇಕಿದ್ರೆ ಬೈದುಕೋ."

ಅವನು ಬೈಯಲಿಲ್ಲ. ಅವಳ ಕೋಟನ್ನು ಒಯ್ದು, ಮಡಿಕೆ ಕಾಣದಂತೆ ಇಸ್ತ್ರಿ ಹಾಕಿ ತಂದುಕೊಟ್ಟ. ದುಡ್ಡು ಮುಟ್ಟಲಿಲ್ಲ.

ಸೋಮವಾರ ಟೇಪಕ್ಕ ಲೈನಿಂಗು ಬಿಚ್ಚಿ ಪಾಸ್‌ಪೋರ್ಟು ಹೊರತೆಗೆದಳು. ಅದರ ಅವಧಿ ಇನ್ನೆಷ್ಟು ತಿಂಗಳಿದೆ ಎಂದು ನೋಡಿಕೊಂಡಳು. ಅದು, ವೀಸಾ, ಟಿಕೆಟ್ಟು, ಮೂರರದೂ ಎರಡೆರಡು ನಕಲು ತೆಗೆಸಿ, ಒಂದನ್ನು ದೊಡ್ಡ ಚೀಲದಲ್ಲಿಟ್ಟು ಇನ್ನೊಂದನ್ನು ವಿಮಾನದಮ್ಮನ ಕೈಗೆ ಕೊಟ್ಟಳು. ಕೋಟಿನ ಎಡ ಎದೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಮುಚ್ಚಳವಿರುವ ದೊಡ್ಡ ಜೇಬು ಹಚ್ಚಿ ಎರಡು ಒತ್ತುಗುಂಡಿ ಹಾಕಿದಳು. ಪಾಸ್‌ಪೋರ್ಟಿನ ಜೊತೆ ಅಲ್ಲಿ ಇನ್ನೊಂದು ಚೀಟಿ. ಅದರಲ್ಲಿ ಆಸ್ಪತ್ರೆಯ ವಿಳಾಸ, ಪುಟ್ಟಿಯ ಫೋನು, ನಮ್ಮ ರಾಯಭಾರ ಕಚೇರಿಯ ಫೋನು, ಅಲ್ಲಿ ಪೊಲೀಸರನ್ನೂ ಆಂಬುಲೆನ್ಸನ್ನೂ ಕರೆಯುವ ನಂಬರು. ವಿಳಾಸವನ್ನು ಪುಟ್ಟಿ ಆ ದೇಶದ ಲಿಪಿಯಲ್ಲೇ ಬರೆದು ಕಳಿಸಿದ್ದಳು. ಟೇಪಕ್ಕನಿಗೆ ಅದರ ಒಂದಕ್ಷರವೂ ಓದಲು ಬಾರದು. ಓದಬೇಕಾದವರು ಅಲ್ಲಿಯವರು.

"ಪಾಸ್‌ಪೋರ್ಟ್!" ಅಂದಳು ವಿಮಾನದಮ್ಮ. ಟಪ್ ಟಪ್ ಎಂದು ಎರಡು ಗುಂಡಿ ಬಿಚ್ಚಿಕೊಂಡವು, ಪಾಸ್‌ಪೋರ್ಟು ಮೇಜಿನ ಮೇಲಿತ್ತು. "ಇನ್ನೊಂದ್ಸಲ" ಅಂದಳು ಟೇಪಕ್ಕ. ತೆಗೆಯುವುದಕ್ಕಿಂತ ಮತ್ತೆ ಒಳಗಿಟ್ಟು ಗುಂಡಿ ಹಾಕುವುದನ್ನು ಹೆಚ್ಚು ಸಲ ಮಾಡಿದಳು. ಪಾಸ್‌ಪೋರ್ಟು ಕಳೆದುಹೋಗುವುದು ಮತ್ತೆ ಒಳಗಿಡುವ ಗಡಿಬಿಡಿಯಲ್ಲೇ ಅಂತ ವಿಮಾನದಮ್ಮ ಹೇಳಿದ್ದಳು.

ಮಂಗಳವಾರ ಹೊರಟಳು. ತಪಾಸಣೆಯ ಸಾಲಿನ ಆಚೆ ವಿಮಾನದಮ್ಮ ಗುಡಿಸುತ್ತಾ ನಿಂತಿದ್ದಳು. ಅವಳ ಬುಟ್ಟಿಗೆ ಟೇಪಕ್ಕನದು ಏನೂ ಬೀಳಲಿಲ್ಲ. ಇಬ್ಬರೂ ಕಣ್ಣಲ್ಲೇ ನಕ್ಕರು.

ಅಲ್ಲಿ ಇಳಿದಾಗ ಆಫೀಸರೊಬ್ಬ ಕೈಚೀಲ ತೆರೆಸಿದ. ಮಾತ್ರೆಯ ಹಾಳೆಗಳನ್ನು ನೋಡಿದ, ಡಾಕ್ಟರ ಪತ್ರ ಓದಿದ, ತಲೆಯಾಡಿಸಿ ಬಿಟ್ಟ. ಎಲ್ಲ ಸೇರಿ ಎರಡು ನಿಮಿಷ. ಪಕ್ಕದ ಮೇಜಿನಲ್ಲಿ ಒಬ್ಬರು ತೆರೆದ ಚೀಲದ ಮುಂದೆ ಬೆವರುತ್ತಾ ನಿಂತಿದ್ದರು.

ಪುಟ್ಟಿ ಆಗಲೇ ಆಸ್ಪತ್ರೆ ಸೇರಿದ್ದರಿಂದ ಅವಳ ಗೆಳತಿಯೊಬ್ಬಳು ಕರೆದೊಯ್ಯಲು ಬರಬೇಕಿತ್ತು. ಹೊರಗೆ ಬಂದರೆ, ಆ ಗೆಳತಿ ಎಲ್ಲೂ ಕಾಣಲಿಲ್ಲ. ಟೇಪಕ್ಕನ ಫೋನು ಅಲ್ಲಿ ಹಿಡಿಯಲಿಲ್ಲ. ಸುತ್ತ ಗೊತ್ತಿಲ್ಲದ ಮಾತು, ಗೊತ್ತಿಲ್ಲದ ಬೋರ್ಡು. ಮುಕ್ಕಾಲು ಗಂಟೆ ಕಾದಳು. ಒಬ್ಬ ಬಂದು ಟ್ಯಾಕ್ಸಿ ಬೇಕಾ ಎಂಬಂತೆ ಸನ್ನೆ ಮಾಡಿ ಚೀಲಕ್ಕೆ ಕೈಹಾಕಿದ. ಅವಳು ಚೀಲ ಬಿಡಲಿಲ್ಲ. ಸಮವಸ್ತ್ರ ತೊಟ್ಟವರು ಕೂತಿದ್ದ ವಿಚಾರಣೆಯ ಮೇಜು ಹುಡುಕಿ ಅಲ್ಲಿಗೇ ನಡೆದಳು. ಟಪ್ ಟಪ್. ಚೀಟಿಯನ್ನು ಮೇಜಿನ ಮೇಲಿಟ್ಟಳು. ಅಲ್ಲಿದ್ದ ಹೆಂಗಸು ಓದಿದಳು, ಟೇಪಕ್ಕನ ಮುಖ ನೋಡಿದಳು, ಆಸ್ಪತ್ರೆಗೆ ಫೋನ್ ಮಾಡಿ ಮಾತಾಡಿ, ತಾನೇ ಎದ್ದು ಬಂದು ಸರಿಯಾದ ಟ್ಯಾಕ್ಸಿಗೆ ಹತ್ತಿಸಿದಳು.

ಗುರುವಾರ ಬೆಳಿಗ್ಗೆ ಪುಟ್ಟಿಯನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೊರಟಾಗ ಅಕ್ಕ ಪಕ್ಕದಲ್ಲೇ ನಡೆದಳು. ಪುಟ್ಟಿ ಹೆದರಿದ್ದಳು. ಹೆದರಿಕೆ ಮರೆಯಲೆಂದು ಅಕ್ಕನ ಕೋಟನ್ನೇ ನೋಡಿದಳು.

"ಇದೇನಕ್ಕಾ ಎದೆ ಮೇಲೆ ಇಷ್ಟು ದೊಡ್ಡ ಜೇಬು? ನೀನು ಹೊಲಿದದ್ದು ಅಂದ್ರೆ ಯಾರೂ ನಂಬಲ್ಲ. ಒಂಚೂರೂ ಚೆನ್ನಾಗಿಲ್ಲ."

"ಚೆಂದಕ್ಕೆ ಹೊಲಿದದ್ದಲ್ಲ ಕಣೇ. ಇವತ್ತು ಇಲ್ಲಿರೋಕೆ ಹೊಲಿದದ್ದು" ಅಂದು ಟೇಪಕ್ಕ ಹೆಬ್ಬೆರಳು ಚಾಚಿದಳು. ಪುಟ್ಟಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾಗಿಲು ಬರುವವರೆಗೂ ಬಿಡಲಿಲ್ಲ.

ಗಡ್ಡೆ ತೆಗೆದರು. ಎಂಟನೆಯ ದಿನ ಅಕ್ಕ ತಂಗಿಯನ್ನು ಮನೆಗೆ ಕರೆತಂದಳು. ಆ ವಾರವೇ ಪುಟ್ಟಿಯ ಫೋನಿಗೆ ಇಸ್ತ್ರಿಯಣ್ಣನ ಕರೆ ಬಂತು. ಅವನ ತಮ್ಮ ಬೆನ್ನನ್ನು ಡಾಕ್ಟರಿಗೆ ತೋರಿಸಿದ್ದಾನಂತೆ, ಬೇರೆ ಮದ್ದು ಕೊಟ್ಟಿದ್ದಾರಂತೆ, ನೋವು ಇಳಿದಿದೆಯಂತೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ನಾಳೆ ಬೇರೆ ದೇಶಕ್ಕೆ ಹೊರಡಬಹುದು. ನೀವೇ ಹೊರಡಬಹುದು. ಚೀಲದ ಜಿಪ್ಪು ಎಳೆಯುವ ಮೊದಲು ಮನೆಯವರನ್ನು ಕರೆದು ಮೇಜಿನ ಆಚೆ ನಿಲ್ಲಿಸಿ. ಅವರು ಪಾಸ್‌ಪೋರ್ಟು ಕೇಳಲಿ, ಮಾತ್ರೆಯ ಹೆಸರು ಕೇಳಲಿ, ವಿಳಾಸ ಕೇಳಲಿ, ಚೀಲದಲ್ಲಿರುವುದೆಲ್ಲ ನಿನ್ನದೇನಾ ಎಂದು ಕೇಳಲಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಬಿಚ್ಚಿ ಸರಿಮಾಡಿಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಬಳಿ ಕೇಳಿ, ಅವರು ಗುಡಿಸುವವರಾದರೂ ಸರಿ, ನಾಚಿಕೆ ಬೇಡ. ಆ ತುದಿಯಲ್ಲಿ ನಿಮಗಾಗಿ ಕಾಯುವವರಿದ್ದಾರೆ. ಅವರ ಕೈಗೆ ನಿಮ್ಮ ಹೆಬ್ಬೆರಳು ಹೊತ್ತಿಗೆ ಸರಿಯಾಗಿ ಸಿಗಲಿ.